ಶಿಲೀಂಧ್ರಜನ್ಯ ಕಳೆನಾಶಕಗಳು

ಶಿಲೀಂಧ್ರಜನ್ಯ ಕಳೆನಾಶಕಗಳು ಎಂದರೆ ಶಿಲೀಂಧ್ರಗಳು ಸಹಜವಾಗಿ ಉತ್ಪಾದಿಸುವ, ಸಸ್ಯಗಳಿಗೆ ವಿಷಕಾರಿಯಾದ ಸಂಯುಕ್ತಗಳನ್ನು ಆಧರಿಸಿದ ಕಳೆನಾಶಕಗಳು. ಕೃತಕ ಕಳೆನಾಶಕಗಳಿಗೆ ಪರ್ಯಾಯವಾಗಿ ಇವುಗಳ ಅಧ್ಯಯನ ನಡೆಯುತ್ತಿದ್ದು, ಬಹುಪಾಲು ಸಂಯುಕ್ತಗಳು ಇನ್ನೂ ಪ್ರಯೋಗದ ಹಂತದಲ್ಲಿವೆ. ಸಹಜ ಮೂಲದವು ಎಂಬ ಮಾತ್ರಕ್ಕೆ ಇವು ನಿರಪಾಯಕಾರಿಯಲ್ಲ. ಪ್ರತಿಯೊಂದು ಸಂಯುಕ್ತದ ಗುಣದೋಷವನ್ನು ಪ್ರತ್ಯೇಕವಾಗಿ ಪರೀಕ್ಷಿಸಬೇಕಾಗುತ್ತದೆ.

ಹಿನ್ನೆಲೆ

ಕೃತಕ ಕಳೆನಾಶಕಗಳಲ್ಲಿ ಹೆಚ್ಚು ಪ್ರಚಲಿತವಾದ ಗ್ಲೈಫೋಸೇಟ್ 1974ರಲ್ಲಿ ಮಾರುಕಟ್ಟೆಗೆ ಬಂದಿತು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆಯು ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಸಂಭವವುಳ್ಳ ವಸ್ತುಗಳ ಗುಂಪಿಗೆ ಸೇರಿಸಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಈ ನಿರ್ಣಯವನ್ನು ಒಪ್ಪಲಿಲ್ಲ. ಭಾರತ ಸರ್ಕಾರವು 2022ರ ಅಕ್ಟೋಬರ್‌ನಲ್ಲಿ ಇದರ ಬಳಕೆಯನ್ನು ಕೀಟನಿಯಂತ್ರಣ ನಿರ್ವಾಹಕರಿಗೆ ಸೀಮಿತಗೊಳಿಸುವ ಆದೇಶ ಹೊರಡಿಸಿತು.

ಮತ್ತೊಂದು ಸಮಸ್ಯೆ ಕಳೆಗಳು ಬೆಳೆಸಿಕೊಳ್ಳುವ ನಿರೋಧಕ ಶಕ್ತಿ. ಒಂದೇ ಔಷಧಿಯನ್ನು ವರ್ಷವರ್ಷವೂ ಸಿಂಪಡಿಸಿದಾಗ ಅದನ್ನು ತಾಳಿಕೊಂಡ ಗಿಡಗಳ ಬೀಜವಷ್ಟೇ ಉಳಿದು ಹರಡುತ್ತದೆ. ಹರಿಯಾಣ ಮತ್ತು ಪಂಜಾಬಿನ ಗೋಧಿ ಹೊಲಗಳಲ್ಲಿ ಫಲಾರಿಸ್ ಮೈನರ್ ಎಂಬ ಹುಲ್ಲು 1990ರ ದಶಕದಲ್ಲಿ ಐಸೊಪ್ರೊಟ್ಯೂರಾನ್ ಔಷಧಿಗೆ ಹೀಗೆಯೇ ಜಗ್ಗದಂತಾಯಿತು. ಆದುದರಿಂದ ಸಸ್ಯದ ಬೇರೆ ಜೀವಕ್ರಿಯೆಯನ್ನು ತಡೆಯುವ ಹೊಸ ಸಂಯುಕ್ತಗಳು ಅಗತ್ಯವಾಗಿವೆ.

ಪ್ರಮುಖ ಸಂಯುಕ್ತಗಳು

ಸಸ್ಯರೋಗಕಾರಕ ಶಿಲೀಂಧ್ರಗಳಲ್ಲಿ ಅನೇಕವು ಆತಿಥೇಯ ಸಸ್ಯವನ್ನು ದುರ್ಬಲಗೊಳಿಸಲು ವಿಷವಸ್ತುಗಳನ್ನು ಸ್ರವಿಸುತ್ತವೆ.

ಟೆಂಟಾಕ್ಸಿನ್: ಆಲ್ಟರ್ನೇರಿಯಾ ಆಲ್ಟರ್ನೇಟಾ ಶಿಲೀಂಧ್ರದಿಂದ ದೊರೆಯುತ್ತದೆ. ಎಲೆಯ ಹಸಿರು ಕಣಗಳಲ್ಲಿ ಶಕ್ತಿ ಉತ್ಪಾದಿಸುವ ಕಿಣ್ವವನ್ನು ತಡೆಯುತ್ತದೆ; ಎಳೆಯ ಸಸಿಗಳು ಬಿಳಚಿಕೊಳ್ಳುತ್ತವೆ. ಎಲ್ಲ ಸಸ್ಯಗಳೂ ಇದಕ್ಕೆ ಈಡಾಗುವುದಿಲ್ಲ.

ಫ್ಯೂಸಿಕಾಕ್ಸಿನ್: ಬಾದಾಮಿ ಮತ್ತು ಪೀಚ್ ಗಿಡಗಳಿಗೆ ರೋಗ ತರುವ ಶಿಲೀಂಧ್ರದ ಉತ್ಪನ್ನ. ಪತ್ರರಂಧ್ರಗಳು ಮುಚ್ಚದಂತೆ ಮಾಡುವುದರಿಂದ ಗಿಡ ನೀರು ಕಳೆದುಕೊಂಡು ಬಾಡುತ್ತದೆ.

ವಿರಿಡಿಯಾಲ್: ಟ್ರೈಕೋಡರ್ಮಾ ವೈರೆನ್ಸ್ ಎಂಬ ಮಣ್ಣಿನ ಶಿಲೀಂಧ್ರದ ಉತ್ಪನ್ನ. ಕಳೆಗಳ ಸಸಿಗಳನ್ನು ಕೊಲ್ಲುವ ಇದರ ಗುಣವನ್ನು 1984ರಲ್ಲಿ ಪ್ರಕಟವಾದ ಅಧ್ಯಯನವೊಂದು ವಿವರಿಸಿತು.

ಆಸ್ಪ್‌ಟೆರಿಕ್ ಆಮ್ಲ: ಆಸ್ಪರ್ಜಿಲಸ್ ಟೆರಿಯಸ್ ಶಿಲೀಂಧ್ರದಿಂದ ದೊರೆಯುತ್ತದೆ. ಲ್ಯೂಸಿನ್, ಐಸೊಲ್ಯೂಸಿನ್ ಮತ್ತು ವ್ಯಾಲಿನ್ ಎಂಬ ಅಮೈನೊ ಆಮ್ಲಗಳ ತಯಾರಿಕೆಗೆ ಅವಶ್ಯವಾದ ಸಸ್ಯಕಿಣ್ವವೊಂದನ್ನು ತಡೆಯುತ್ತದೆ. ಆ ಕಿಣ್ವ ಪ್ರಾಣಿಗಳಲ್ಲಿಲ್ಲ. ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಇದರ ಕಾರ್ಯವಿಧಾನವನ್ನು 2018ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಶಿಲೀಂಧ್ರವು ತನ್ನದೇ ವಿಷದಿಂದ ಪಾರಾಗಲು ಇಟ್ಟುಕೊಂಡಿರುವ ವಂಶವಾಹಿಯನ್ನು ಗುರುತಿಸಿ, ಅದರ ಜಾಡು ಹಿಡಿದು ಈ ಸಂಯುಕ್ತವನ್ನು ತಲುಪಿದುದು ಸಂಶೋಧನೆಯ ವೈಶಿಷ್ಟ್ಯ.

ಜೀವಂತ ಶಿಲೀಂಧ್ರ ಮತ್ತು ಸಂಯುಕ್ತ

ಶಿಲೀಂಧ್ರಗಳನ್ನೇ ಜೀವಂತವಾಗಿ ಸಿಂಪಡಿಸುವ ಜೈವಿಕ ಕಳೆನಾಶಕಗಳು ಇನ್ನೊಂದು ವಿಧ. ಅಮೆರಿಕದ ಫ್ಲಾರಿಡಾದಲ್ಲಿ ಕಿತ್ತಳೆ ತೋಟಗಳ ಬಳ್ಳಿಕಳೆಯ ನಿಯಂತ್ರಣಕ್ಕೆ 1981ರಲ್ಲಿ ‘ಡಿವೈನ್’ ಎಂಬ ಉತ್ಪನ್ನಕ್ಕೆ ಅನುಮತಿ ದೊರೆಯಿತು. ಅದರಲ್ಲಿದ್ದುದು ಫೈಟಾಫ್ತೊರಾ ಪಾಮಿವೋರಾ ಎಂಬ ಜೀವಿ. ಆಧುನಿಕ ವರ್ಗೀಕರಣದಂತೆ ಇದು ನಿಜವಾದ ಶಿಲೀಂಧ್ರವಲ್ಲ, ಅದನ್ನು ಹೋಲುವ ಜೀವಿ. ಇದೇ ಪ್ರಭೇದವು ತೆಂಗಿಗೆ ಸುಳಿ ಕೊಳೆ ರೋಗವನ್ನು ತರುತ್ತದೆ. ಒಂದು ತೋಟಕ್ಕೆ ಔಷಧಿಯಾದುದು ಇನ್ನೊಂದು ತೋಟಕ್ಕೆ ರೋಗವಾಗಬಲ್ಲದು. ಶುದ್ಧೀಕರಿಸಿದ ಸಂಯುಕ್ತವಾದರೋ ಜೀವಿಯಂತೆ ವೃದ್ಧಿಯಾಗುವುದಿಲ್ಲ, ಹರಡುವುದಿಲ್ಲ.

ಕರ್ನಾಟಕದ ಸಂದರ್ಭ

ಪಾರ್ಥೇನಿಯಂ ಅಥವಾ ಕಾಂಗ್ರೆಸ್ ಗಿಡದ ಹತೋಟಿಗಾಗಿ 1983ರಲ್ಲಿ ಮೆಕ್ಸಿಕೊದಿಂದ ತಂದ ಜೈಗೊಗ್ರಾಮಾ ಎಂಬ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಲಾಯಿತು. ಮುಂದೆ ಅದು ಸೂರ್ಯಕಾಂತಿಯ ಎಲೆಯನ್ನೂ ತಿನ್ನುತ್ತದೆಂಬ ವರದಿಗಳು ವಿವಾದಕ್ಕೆ ಎಡೆಮಾಡಿದವು. ಕಳೆಯ ಶತ್ರು ಬೆಳೆಯನ್ನು ಮುಟ್ಟೀತೆ ಎಂಬ ಪ್ರಶ್ನೆ ಶಿಲೀಂಧ್ರಗಳ ವಿಷಯದಲ್ಲಿಯೂ ಮುಖ್ಯ.

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು ತೆಂಗಿನ ಸೀಮೆ. ತಿಪಟೂರು ತಾಲ್ಲೂಕಿನ ಬಿಳಿಗೆರೆಯೂ ಇದರೊಳಗೆ ಸೇರಿದೆ. ತೆಂಗಿನ ಮರಗಳ ನಡುವಿನ ಅಂತರದಲ್ಲಿ ಬಿಸಿಲು ಬೀಳುವುದರಿಂದ ಗರಿಕೆ, ಜೇಕು, ಪಾರ್ಥೇನಿಯಂ ಮೊದಲಾದ ಕಳೆಗಳು ಸುಲಭವಾಗಿ ಬೆಳೆಯುತ್ತವೆ. ಗ್ಯಾನೊಡರ್ಮಾ ಶಿಲೀಂಧ್ರದಿಂದ ಬರುವ ಅಣಬೆ ರೋಗವು ಬೇರಿನ ಮೂಲಕ ಮರದಿಂದ ಮರಕ್ಕೆ ದಾಟುತ್ತದೆ. ರೋಗಪೀಡಿತ ತೋಟದಲ್ಲಿ ಉಳುಮೆ ಮಾಡಬಾರದೆಂಬುದು ಕೃಷಿ ತಜ್ಞರ ಸಲಹೆ. ಉಳುಮೆ ನಿಂತಾಗ ಕಳೆನಾಶಕದ ಕಡೆಗೆ ಒಲವು ಹೆಚ್ಚುವುದು ಸಹಜ. ಆದರೆ ತೋಟದ ಹುಲ್ಲೇ ದನಗಳ ಮೇವಾಗಿರುವಲ್ಲಿ ಸಿಂಪಡಿಸಿದ ವಿಷದ ಶೇಷಾಂಶವೂ ಪರಿಗಣನೆಗೆ ಬರುತ್ತದೆ.

ಅಣಬೆ ರೋಗದ ಹತೋಟಿಗೆ ಬೇವಿನ ಹಿಂಡಿಯೊಡನೆ ಟ್ರೈಕೋಡರ್ಮಾವನ್ನು ಪಾತಿಗೆ ಹಾಕುವ ರೂಢಿಯಿದೆ. ಇದು ರೋಗಕಾರಕ ಶಿಲೀಂಧ್ರದ ವಿರುದ್ಧದ ಕ್ರಮವೇ ಹೊರತು ಕಳೆನಾಶಕವಲ್ಲ. ವಿರಿಡಿಯಾಲ್ ಸಂಯುಕ್ತವು ಟ್ರೈಕೋಡರ್ಮಾದ ಒಂದು ಪ್ರಭೇದದಿಂದ ಬರುವುದಾದರೂ, ಅಂಗಡಿಯಲ್ಲಿ ದೊರೆಯುವ ಟ್ರೈಕೋಡರ್ಮಾ ಪುಡಿಯಿಂದ ಕಳೆ ಸಾಯುವುದೆಂದು ಭಾವಿಸುವಂತಿಲ್ಲ.

ಮಿತಿಗಳು

ಟೊಮೆಟೊ ಗಿಡಕ್ಕೆ ರೋಗ ತರುವ ಆಲ್ಟರ್ನೇರಿಯಾದ ಎಎಎಲ್ ಎಂಬ ವಿಷ ಕಳೆಗಳನ್ನು ಕೊಲ್ಲಬಲ್ಲದು. ಆದರೆ ಅದರ ರಚನೆ, ಬೂಷ್ಟು ಹಿಡಿದ ಮೆಕ್ಕೆಜೋಳದಲ್ಲಿ ಕಂಡುಬರುವ ಫ್ಯೂಮೊನಿಸಿನ್ ವಿಷವನ್ನು ಹೋಲುತ್ತದೆ; ಸಸ್ತನಿಗಳ ಜೀವಕೋಶಗಳಿಗೂ ಹಾನಿಕರ. ವಿರಿಡಿಯಾಲ್ ಹತ್ತಿಯಂಥ ಬೆಳೆಯ ಸಸಿಗಳಿಗೂ ಅಪಾಯ ಒಡ್ಡಬಲ್ಲದು. ಅನೇಕ ಸಂಯುಕ್ತಗಳ ರಚನೆ ಜಟಿಲವಾಗಿರುವುದರಿಂದ ತಯಾರಿಕಾ ವೆಚ್ಚ ಅಧಿಕ. ಬಿಸಿಲು ಮತ್ತು ಮಣ್ಣಿನ ಸೂಕ್ಷ್ಮಜೀವಿಗಳಿಂದ ಬೇಗನೆ ವಿಘಟನೆಗೊಳ್ಳುವ ಸಂಯುಕ್ತವು ಪರಿಸರಕ್ಕೆ ಹಿತ. ಆದರೆ ಹೊಲದಲ್ಲಿ ಅದರ ಪರಿಣಾಮವೂ ಅಲ್ಪಕಾಲದ್ದಾಗುತ್ತದೆ.

ಈ ಸಂಯುಕ್ತಗಳು ರೈತರ ಬಳಕೆಗೆ ಬರುವವರೆಗೆ ತೆಂಗಿನ ತೋಟಗಳಲ್ಲಿ ಕಳೆ ಕೊಯ್ದು ಹಾಕುವುದು, ಪಾತಿಗೆ ತೆಂಗಿನ ಮಟ್ಟೆ ಮತ್ತು ಗರಿಗಳ ಹೊದಿಕೆ, ಹುರುಳಿ, ಅಲಸಂದೆ, ಸೆಣಬಿನಂಥ ಹೊದಿಕೆ ಬೆಳೆಗಳು ರಾಸಾಯನಿಕರಹಿತ ಕಳೆನಿರ್ವಹಣೆಯ ಕ್ರಮಗಳಾಗಿವೆ.