ಕ್ರಾಸ್ ಹೋದರೆ ಗ್ರೀಸಿನ ಮೇಲೆ ಗೂಬೆ

ಕಡಗಂಚಿ ಸುತ್ತಿನ ಎರೆ ಹೊಲಗಳಲ್ಲಿ ತೊಗರಿ ರಾಶಿ ಮುಗಿದು, ಮುಂಗಾರಿಗೆ ಭೂಮಿ ಹದ ಮಾಡುವಾಗ ರೋಟಾವೇಟರ್ ಓಡಿಸುವವರಿಗೆ ಜಾಯಿಂಟ್ ಶಾಫ್ಟಿನ ಕಟಕಟ ಸದ್ದು ಹೊಸದಲ್ಲ. ಶಾಫ್ಟಿನ ಕೀಲಿನಲ್ಲಿರುವ ನಾಲ್ಕು ತೋಳಿನ ಕ್ರಾಸ್ ಹೋಯಿತೆಂದು ಬೇರೆ ತಂದು ಹಾಕುತ್ತಾರೆ. ಅದೂ ಬೇಗ ಹೋದರೆ ‘ಡುಪ್ಲಿಕೇಟ್ ಮಾಲು’, ಇಲ್ಲವೇ ‘ಗ್ರೀಸ್ ಹೊಡೆದಿಲ್ಲ’ ಎನ್ನುತ್ತಾರೆ. ಕೆಲವೊಮ್ಮೆ ಅದು ನಿಜವೇ. ಆದರೆ ಶಾಫ್ಟ್ ಎಷ್ಟು ಬಾಗಿ ತಿರುಗುತ್ತಿದೆ ಎಂದು ನೋಡುವವರು ಕಡಿಮೆ.

ಬಿಚ್ಚಿದ ಕ್ರಾಸನ್ನು ಎಸೆಯುವ ಮುನ್ನ ಒರೆಸಿ ನೋಡಿ. ತೋಳಿನ ಬೇರಿಂಗ್ ಕಪ್ಪಿನೊಳಗೆ ಕೆಂಪು ತುಕ್ಕಿನ ಪುಡಿ ಇದ್ದರೆ ಗ್ರೀಸ್ ಒಣಗಿದೆ ಅಥವಾ ನೀರು ಹೊಕ್ಕಿದೆ. ಗ್ರೀಸ್ ಇದ್ದೂ ತೋಳಿನ ಒಂದು ಮಗ್ಗುಲಲ್ಲಿ ಸೂಜಿ ಬೇರಿಂಗಿನ ಅಗಲಕ್ಕೇ ಸಾಲುಸಾಲು ಗೀರು ಕೊರೆದಿದ್ದರೆ ಹೊರೆಯನ್ನೂ ಕೋನವನ್ನೂ ಅನುಮಾನಿಸಬೇಕು.

ಬಾಗಿದ ಕ್ರಾಸಿಗೆ ಒಂದೇ ಸಮನಾದ ವೇಗ ಕೊಟ್ಟರೂ ಆಚೆ ಬದಿ ಪ್ರತಿ ಸುತ್ತಿಗೆ ಎರಡು ಸಲ ಜೋರಾಗಿ, ಎರಡು ಸಲ ನಿಧಾನವಾಗುತ್ತದೆ. ಟ್ರ್ಯಾಕ್ಟರಿನಿಂದ ತಿರುಗು ಬಲ ಕೊಡುವ ಪಿಟಿಒ ನಿಮಿಷಕ್ಕೆ 540 ಸುತ್ತು ತಿರುಗುವಾಗ ಕೋನ 10 ಡಿಗ್ರಿ ಇದ್ದರೆ ಆಚೆಯ ವೇಗ 532ರಿಂದ 548ರವರೆಗೆ ಓಲಾಡುತ್ತದೆ. ಅದನ್ನು ಶಾಫ್ಟ್ ತಾಳಿಕೊಳ್ಳುತ್ತದೆ. 30 ಡಿಗ್ರಿಗೆ ಹೋದರೆ 468ರಿಂದ 624! ಸೆಕೆಂಡಿಗೆ 18 ಸಲ ಈ ಜಗ್ಗಾಟ. ಇದನ್ನು ಗ್ರೀಸ್ ತಡೆಯಲಾರದು.

‘ಎರಡು ಕ್ರಾಸ್ ಇವೆಯಲ್ಲ, ಒಂದರ ಓಲಾಟವನ್ನು ಇನ್ನೊಂದು ಸರಿ ಮಾಡುತ್ತದೆ’ ಎಂಬುದು ಅರ್ಧ ಸತ್ಯ. ಎರಡೂ ಕಡೆಯ ಕೋನ ಸಮನಾಗಿರಬೇಕು. ಟ್ರ್ಯಾಕ್ಟರಿನ ಪಿಟಿಒ ಮತ್ತು ರೋಟಾವೇಟರಿನ ಗೇರ್‌ಬಾಕ್ಸ್ ಶಾಫ್ಟ್ ಸಮಾನಾಂತರವಾಗಿರಬೇಕು. ನಡುವಿನ ಶಾಫ್ಟಿನಲ್ಲಿ ಕ್ರಾಸನ್ನು ಹಿಡಿಯುವ ಎರಡು ಯೋಕ್‌ಗಳೂ ಒಂದೇ ಸಾಲಿನಲ್ಲಿರಬೇಕು. ಚೌಕ ಕೊಳವೆಯ ಶಾಫ್ಟನ್ನು ರಿಪೇರಿಗೆ ಎಳೆದು, ಮರಳಿ ಸೇರಿಸುವಾಗ ಕಾಲು ಸುತ್ತು ತಪ್ಪಿದರೆ ಓಲಾಟ ಅಳಿಯುವ ಬದಲು ಗುಣಿಸುತ್ತದೆ: ಅದೇ 30 ಡಿಗ್ರಿಯಲ್ಲಿ 405ರಿಂದ 720. ಸೇರಿಸುವ ಮುನ್ನ ಸೀಮೆಸುಣ್ಣದಿಂದ ಒಂದು ಗೆರೆ ಎಳೆದುಕೊಂಡರೆ ಈ ತಪ್ಪೇ ಆಗದು. ಎಲ್ಲ ಸರಿಯಿದ್ದರೂ ನಡುವಿನ ಶಾಫ್ಟ್ ಮಾತ್ರ ಓಲಾಡುತ್ತಲೇ ಇರುತ್ತದೆ, ಆದ್ದರಿಂದ ಕೋನ ಕಡಿಮೆ ಇದ್ದಷ್ಟೂ ಒಳ್ಳೆಯದು.

ಬದುವಿನ ಹತ್ತಿರ ತಿರುಗಿಸುವಾಗ ಪಿಟಿಒ ನಿಲ್ಲಿಸದೆ ರೋಟಾವೇಟರನ್ನು ಪೂರ್ತಿ ಎತ್ತುವ ರೂಢಿಯೇ ಕ್ರಾಸಿಗೆ ದೊಡ್ಡ ಶತ್ರು. ‘ಎತ್ತಿದಾಗ ಮಣ್ಣು ಕಡಿಯುವುದಿಲ್ಲ, ಹೊರೆಯೇ ಇಲ್ಲ’ ಎನ್ನುತ್ತಾರೆ. ಆದರೆ ಎತ್ತಿದಷ್ಟೂ ಕೋನ ಹೆಚ್ಚುತ್ತದೆ. ಭಾರದ ರೋಟರ್ ತನ್ನ ವೇಗ ಬಿಟ್ಟುಕೊಡುವುದಿಲ್ಲ, ಶಾಫ್ಟ್ ಓಲಾಡುತ್ತದೆ. ಆ ಗುದ್ದಾಟವೆಲ್ಲ ಕ್ರಾಸಿನ ನಾಲ್ಕು ತೋಳುಗಳ ಮೇಲೆ. ಪಿಟಿಒ ನಿಲ್ಲಿಸಿ ಎತ್ತಿ, ಇಳಿಸಿ ಮತ್ತೆ ಹಾಕುವುದಕ್ಕೆ ಹಿಡಿಯುವ ಹೊತ್ತು ತೀರ ಸ್ವಲ್ಪ.

ಹಾಗೆಂದು ಕೋನ ಸೊನ್ನೆ ಮಾಡುವುದೂ ತಪ್ಪು. ತೀರ ನೇರವಿದ್ದರೆ ಸೂಜಿಗಳು ಉರುಳದೆ ಕೂತಲ್ಲೇ ಕೂತು ಅಲ್ಲೇ ಕುಳಿ ಕೊರೆಯುತ್ತವೆ. ಒಂದೆರಡು ಡಿಗ್ರಿ ಇರಲೇಬೇಕು.

ಸ್ಪ್ರಿಂಗ್ ಎತ್ತರಿಸಿದ ಜೀಪುಗಳಿಗೂ ಇದೇ ಲೆಕ್ಕ. ಎತ್ತರಿಸಿದ ಮೇಲೆ ಹಿಂದಿನ ಆಕ್ಸಲ್ ಕೆಳಗೆ ಬೆಣೆ ಇಟ್ಟು ಅದರ ಮೂತಿಯನ್ನು ಶಾಫ್ಟಿನ ನೇರಕ್ಕೆ ತಿರುಗಿಸುತ್ತಾರೆ. ಮಾಮೂಲಿ ಎರಡು ಕ್ರಾಸಿನ ಶಾಫ್ಟಿನಲ್ಲಿ ಇದರಿಂದ ಹಿಂದಿನ ಕೋನ ಹೋಗಿ ಮುಂದಿನದು ಉಳಿಯುತ್ತದೆ, ಓಲಾಟವನ್ನು ಅಳಿಸುವವರಿಲ್ಲದೆ ಗಾಡಿ ಅದುರುತ್ತದೆ. ಚಕ್ರ ಬ್ಯಾಲೆನ್ಸ್ ಮಾಡಿಸಿದರೂ ಆ ಅದುರು ನಿಲ್ಲದು. ಮುಂದಿನ ತುದಿಯಲ್ಲಿ ಜೋಡಿ ಕ್ರಾಸ್ ಇರುವ ಡಬಲ್ ಕಾರ್ಡನ್ ಶಾಫ್ಟಿಗೆ ಮಾತ್ರ ಆ ಬೆಣೆ ಸರಿ.