ಸೊಳ್ಳೆಬತ್ತಿಯ ಹೊಗೆ, ಮಗುವಿನ ಉಬ್ಬಸ

"ಹಗಲೆಲ್ಲಾ ಚೆನ್ನಾಗಿ ಆಡ್ಕೊಂಡಿರ್ತದೆ ಡಾಕ್ಟ್ರೇ, ರಾತ್ರಿ ಮಲಗಿದ ಮೇಲೆ ಕೆಮ್ಮು, ಗೊರಗೊರ." ಮಳೆಗಾಲದಲ್ಲಿ ನಮ್ಮ ಹೊಣಕೆರೆ ಹೋಬಳಿಯ ತಾಯಂದಿರು ಹೀಗೆ ಹೇಳಿದಾಗ ನಾನು ಮೊದಲು ಕೇಳುವುದು, "ಸೊಳ್ಳೆಬತ್ತಿ ಹಚ್ತೀರೇನಮ್ಮ? ಕಿಟಕಿ ತೆಗೆದಿರ್ತೀರಾ?"

ಹೊಗೆ ಎಂದೊಡನೆ ನಮಗೆ ನೆನಪಾಗುವುದು ಬಸ್ಸು, ಲಾರಿ. ಆ ಹೊಗೆಗೆ ಕಾನೂನಿನ ಕಡಿವಾಣವಿದೆ. 2000ದಲ್ಲಿ ಸೀಸ ಬೆರೆಸಿದ ಪೆಟ್ರೋಲ್ ಮಾರಾಟ ನಿಂತಿತು. 2020ರ ಏಪ್ರಿಲ್‌ನಿಂದ ಹೊಸ ವಾಹನಗಳಿಗೆ ಬಿ.ಎಸ್.-6 ನಿಯಮ ಜಾರಿಯಾಯಿತು. ಮಂಚದ ಕೆಳಗೆ ಉರಿಯುವ ಬತ್ತಿಯ ಹೊಗೆಯನ್ನು ತಪಾಸಣೆ ಮಾಡಲು ಮಾತ್ರ ಯಾರೂ ಮನೆಗೆ ಬರುವುದಿಲ್ಲ.

ಬತ್ತಿಯಲ್ಲಿರುವ ಕೀಟನಾಶಕ ಸಾಮಾನ್ಯವಾಗಿ ಶೇಕಡಾ ಒಂದಕ್ಕಿಂತ ಕಡಿಮೆ. ಉಳಿದದ್ದು ಮರದ ಹೊಟ್ಟು, ತೆಂಗಿನ ಚಿಪ್ಪಿನ ಪುಡಿ, ಅಂಟು, ಬಣ್ಣ. ಇವು ಏಳೆಂಟು ಗಂಟೆ ನಿಧಾನವಾಗಿ ಉರಿಯುತ್ತಾ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳನ್ನು ಬಿಡುತ್ತವೆ. ಮೂಗು ಇವನ್ನು ತಡೆಯಲಾರದು. ನೇರವಾಗಿ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಚೀನಾ ಮತ್ತು ಮಲೇಷ್ಯಾದ ಬತ್ತಿಗಳನ್ನು ಪರೀಕ್ಷಿಸಿ 2003ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಒಂದು ಬತ್ತಿ ಉರಿದರೆ 75ರಿಂದ 137 ಸಿಗರೇಟುಗಳಷ್ಟು ಸೂಕ್ಷ್ಮಕಣ ಹೊರಬೀಳುತ್ತದೆ. ಬೀಡಿ ಸೇದುವ ತಾತನನ್ನು ಜಗುಲಿಗೆ ಅಟ್ಟುವ ಅಜ್ಜಿಯೇ ಮೊಮ್ಮಗುವಿನ ತಲೆದೆಸೆಯಲ್ಲಿ ಬತ್ತಿ ಹಚ್ಚಿಡುತ್ತಾರೆ!

ಕೂಸಿನ ಶ್ವಾಸನಾಳ ಬಲು ಕಿರಿದು. ದೊಡ್ಡವರಿಗಿಂತ ಅದು ಬೇಗಬೇಗ ಉಸಿರಾಡುವುದರಿಂದ ತೂಕಕ್ಕೆ ಹೋಲಿಸಿದರೆ ಹೆಚ್ಚು ಹೊಗೆ ಒಳಗೆಳೆದುಕೊಳ್ಳುತ್ತದೆ. ಉಬ್ಬಸದ ಪ್ರವೃತ್ತಿ ಇರುವ ಮಗುವಿಗೆ ಅಷ್ಟೇ ಸಾಕು.

ಇನ್ನೊಂದು ಅಭ್ಯಾಸವಿದೆ. ಕಳ್ಳರ ಭಯಕ್ಕೆ ರಾತ್ರಿ ಬೈಕನ್ನು ನಡುಮನೆಯಲ್ಲೇ ನಿಲ್ಲಿಸಿ, ಬೆಳಿಗ್ಗೆ ಅಲ್ಲೇ ಸ್ಟಾರ್ಟ್ ಮಾಡುವುದು. ಅದರ ಹೊಗೆಯಲ್ಲಿ ವಾಸನೆಯೇ ಇಲ್ಲದ ವಿಷಾನಿಲ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಹೊರಗೆ ತಳ್ಳಿಕೊಂಡು ಹೋಗಿ ಸ್ಟಾರ್ಟ್ ಮಾಡಲು ಅರ್ಧ ನಿಮಿಷ ಸಾಕು.

ಹಾಗಾದರೆ ಸೊಳ್ಳೆ ಕಚ್ಚಿಸಿಕೊಳ್ಳಬೇಕೆ? ಖಂಡಿತ ಬೇಡ, ಡೆಂಗ್ಯೂ ಸಾಮಾನ್ಯ ಕಾಯಿಲೆಯಲ್ಲ. ಸೊಳ್ಳೆಪರದೆ ಕಟ್ಟಿ, ಹಗಲು ಮಲಗುವ ಕೂಸಿಗೂ ಕಟ್ಟಿ, ಡೆಂಗ್ಯೂ ಸೊಳ್ಳೆ ಕಚ್ಚುವುದು ಹಗಲಲ್ಲೇ. ನೀರಿನ ಡ್ರಮ್ಮು, ತೊಟ್ಟಿಗಳನ್ನು ಮುಚ್ಚಿಡಿ, ವಾರಕ್ಕೊಮ್ಮೆ ಬರಿದು ಮಾಡಿ ಉಜ್ಜಿ ತೊಳೆಯಿರಿ. ಬತ್ತಿಯ ಬದಲು ಬೇವಿನ ಸೊಪ್ಪಿನ ಹೊಗೆ ಹಾಕುತ್ತೇವೆನ್ನುವವರಿದ್ದಾರೆ. ಶ್ವಾಸಕೋಶಕ್ಕೆ ಅದೂ ಹೊಗೆಯೇ. ಬತ್ತಿ ಹಚ್ಚಲೇಬೇಕಾದರೆ ಸಂಜೆ ಹಚ್ಚಿ, ಮಲಗುವ ಮೊದಲು ಆರಿಸಿ, ಕಿಟಕಿ ತೆರೆದಿಡಿ.

ಉಸಿರೆಳೆದಾಗ ಮಗುವಿನ ಪಕ್ಕೆ ಒಳಕ್ಕೆ ಸೇದಿದರೆ, ಹಾಲು ಕುಡಿಯಲಾಗದಿದ್ದರೆ, ತುಟಿ ನೀಲಿಯಾದರೆ ಬೆಳಗಾಗಲೆಂದು ಕಾಯಬೇಡಿ. ಆ ಹೊತ್ತಿನಲ್ಲೇ ಆಸ್ಪತ್ರೆಗೆ ಕರೆತನ್ನಿ.