ನಗರದ ನೆರೆಯ ಗಣಿತ

ನೆರೆಯೆಂದರೆ ದೊಡ್ಡ ನದಿಯೊಂದು ದಡ ಮೀರಿ ಹರಿದು ಊರುಗಳನ್ನು ಮುಳುಗಿಸುವುದೆಂದೇ ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಬೆಂಗಳೂರಿನಲ್ಲಿ ಅಂಥ ನದಿಯಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿ, ದಿಣ್ಣೆಯೊಂದರ ಬೆನ್ನಿನ ಮೇಲೆ ಆ ನಗರವು ನೆಲೆಸಿದೆ. ಪಡುವಣ ಇಳಿಜಾರಿನ ನೀರು ವೃಷಭಾವತಿಯ ಮೂಲಕ ಅರ್ಕಾವತಿಗೂ, ಅಲ್ಲಿಂದ ಕಾವೇರಿಗೂ ಹೋಗುತ್ತದೆ; ಮೂಡಣ ಇಳಿಜಾರಿನ ನೀರು ಹೆಬ್ಬಾಳ ಮತ್ತು ಕೋರಮಂಗಲ–ಚಲ್ಲಘಟ್ಟ ಕಣಿವೆಗಳಲ್ಲಿಳಿದು ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ನೀರು ತಾನಾಗಿ ಹರಿದುಹೋಗಲು ಇದಕ್ಕಿಂತ ಅನುಕೂಲವಾದ ಸ್ಥಳ ಬೇರೆ ಬೇಕೆ?

ಆದರೂ 2022ರ ಸೆಪ್ಟೆಂಬರ್ 4–5ರಲ್ಲಿ 24 ಗಂಟೆಗಳ ಅವಧಿಯಲ್ಲಿ 131.6 ಮಿಲಿಮೀಟರು ಮಳೆ ಸುರಿದಾಗ ನಗರದ ಪೂರ್ವಭಾಗದ ಅನೇಕ ಬಡಾವಣೆಗಳು ಜಲಾವೃತವಾದುವು. ಜನರನ್ನು ದೋಣಿಗಳಲ್ಲಿಯೂ ಟ್ರ್ಯಾಕ್ಟರುಗಳಲ್ಲಿಯೂ ಹೊರಕ್ಕೆ ಸಾಗಿಸಬೇಕಾಯಿತು. ಆ ಮಳೆ ಹಿಂದೆಂದೂ ಕಾಣದ ಮಳೆಯೇನೂ ಅಲ್ಲ. 1988ರ ಸೆಪ್ಟೆಂಬರ್ 12ರಂದು 177.6 ಮಿಲಿಮೀಟರು ಮಳೆಯಾಗಿತ್ತು. ಹಾಗಾದರೆ ನೆರೆಯ ಅಪಾಯವನ್ನು ಮಳೆಯ ಮೊತ್ತವೊಂದರಿಂದಲೇ ಅಳೆಯಲಾಗದೆಂದಾಯಿತು. ಅದನ್ನು ಅಳೆಯುವ ಬಗೆ ಹೇಗೆಂಬುದನ್ನು ಈಗ ಪರಿಶೀಲಿಸೋಣ.

ಒಂದು ಹಳೆಯ ಸೂತ್ರ

ಒಂದು ಚದರ ಮೀಟರು ನೆಲದ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಅದು ಒಂದು ಲೀಟರು ನೀರು. ಈ ಲೆಕ್ಕದಂತೆ 131.6 ಮಿಲಿಮೀಟರು ಮಳೆಯೆಂದರೆ ಒಂದು ಚದರ ಕಿಲೋಮೀಟರಿಗೆ 13 ಕೋಟಿ ಲೀಟರಿಗೂ ಮಿಕ್ಕಿದ ನೀರು. ಇದರಲ್ಲಿ ಎಷ್ಟು ಭಾಗ ನೆಲದೊಳಕ್ಕೆ ಇಂಗುತ್ತದೆ, ಎಷ್ಟು ಭಾಗ ಮೇಲೆ ಹರಿಯುತ್ತದೆ ಮತ್ತು ಎಷ್ಟು ಬೇಗ ಹರಿಯುತ್ತದೆ ಎಂಬುದೇ ಮುಖ್ಯವಾದ ಪ್ರಶ್ನೆ.

ಈ ಪ್ರಶ್ನೆಗೆ ಐರ್ಲೆಂಡಿನ ಎಂಜಿನಿಯರ್ ಮುಲ್ವನಿ ಎಂಬವನು 19ನೆಯ ಶತಮಾನದ ನಡುವಿನಲ್ಲಿಯೂ, ಅಮೆರಿಕದ ಕ್ವಿಚ್‌ಲಿಂಗ್ ಎಂಬವನು 1889ರಲ್ಲಿಯೂ ಸರಳವಾದ ಉತ್ತರವನ್ನು ಕೊಟ್ಟರು. ಚರಂಡಿಯ ಬಾಯಿಗೆ ಬಂದು ಸೇರುವ ಗರಿಷ್ಠ ಹರಿವು ಮೂರು ಅಂಶಗಳ ಗುಣಲಬ್ಧವೆಂದು ಅವರು ಹೇಳಿದರು: ಮಳೆಯ ತೀವ್ರತೆ, ನೆಲದ ವಿಸ್ತೀರ್ಣ ಮತ್ತು ಹರಿವಿನ ಗುಣಾಂಕ. ಬಿದ್ದ ಮಳೆಯಲ್ಲಿ ಎಷ್ಟು ಪಾಲು ಹರಿದುಹೋಗುವುದೋ ಅದೇ ಗುಣಾಂಕ. ತೋಟ, ಹುಲ್ಲುಗಾವಲುಗಳಲ್ಲಿ ಅದು 0.1ರಿಂದ 0.3ರಷ್ಟು ಇರಬಹುದು; ಡಾಂಬರು ರಸ್ತೆ, ಕಾಂಕ್ರೀಟು ಛಾವಣಿಗಳಲ್ಲಿ 0.7ರಿಂದ 0.95ರವರೆಗೆ ಏರುತ್ತದೆ. ತೀವ್ರತೆಯನ್ನು ಗಂಟೆಗೆ ಮಿಲಿಮೀಟರುಗಳಲ್ಲಿಯೂ, ವಿಸ್ತೀರ್ಣವನ್ನು ಹೆಕ್ಟೇರುಗಳಲ್ಲಿಯೂ ಬರೆದು, ಮೂರನ್ನೂ ಗುಣಿಸಿ 360ರಿಂದ ಭಾಗಿಸಿದರೆ ಹರಿವು ಸೆಕೆಂಡಿಗೆ ಇಷ್ಟು ಘನ ಮೀಟರು ಎಂದು ದೊರೆಯುತ್ತದೆ.

ಉದಾಹರಣೆಗಾಗಿ 100 ಹೆಕ್ಟೇರು ವಿಸ್ತಾರದ ಒಂದು ಚಿಕ್ಕ ಜಲಾನಯನ ಭೂಮಿಯನ್ನು ಕಲ್ಪಿಸಿಕೊಳ್ಳೋಣ. ಅಲ್ಲಿ ಹೊಲ, ತೋಪು, ಹುಲ್ಲುಗಾವಲುಗಳಿವೆ, ಗುಣಾಂಕ 0.3. ಮಳೆ ಗಂಟೆಗೆ 60 ಮಿಲಿಮೀಟರಿನಂತೆ ಸುರಿದರೆ ಹರಿವು ಸೆಕೆಂಡಿಗೆ 5 ಘನ ಮೀಟರು. ಕಾಲುವೆಯನ್ನು ಇಷ್ಟೇ ನೀರಿಗೆ ತಕ್ಕಂತೆ ಕಟ್ಟಿದ್ದಾರೆಂದು ಭಾವಿಸೋಣ.

ನೆಲದ ಬದಲಾವಣೆ

ಕೆಲವು ದಶಕಗಳಲ್ಲಿ ಆ ಹೊಲಗಳು ಬಡಾವಣೆಯಾಗುತ್ತವೆ. ಗುಣಾಂಕ 0.8ಕ್ಕೆ ಏರುತ್ತದೆ. ಅದೇ ಮಳೆಗೆ ಹರಿವು ಈಗ 13.3 ಘನ ಮೀಟರು. ಆದರೆ ವಿಷಯ ಇಲ್ಲಿಗೇ ಮುಗಿಯುವುದಿಲ್ಲ. ಹುಲ್ಲು, ಬದು, ತಗ್ಗುಗಳ ನಡುವೆ ತಡೆತಡೆದು ಬರುತ್ತಿದ್ದ ನೀರು ನುಣುಪಾದ ಚರಂಡಿಗಳಲ್ಲಿ ಬಹು ಬೇಗ ಬಂದು ಒಟ್ಟುಗೂಡುತ್ತದೆ. ಆಗ ಒಂದು ಗಂಟೆಯ ಮಳೆಗೆ ಬದಲಾಗಿ ಅರ್ಧ ಗಂಟೆಯ ಬಿರುಮಳೆಯೇ ಕಾಲುವೆಯನ್ನು ತುಂಬಿಸಬಲ್ಲುದು. ಅಲ್ಪಕಾಲದ ಮಳೆ ದೀರ್ಘಕಾಲದ ಮಳೆಗಿಂತ ಹೆಚ್ಚು ಬಿರುಸಾಗಿರುವುದು ಎಲ್ಲರ ಅನುಭವ. ಆದುದರಿಂದ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ತೀವ್ರತೆ 60ರಿಂದ 80ಕ್ಕೆ ಏರಿತೆನ್ನೋಣ. ಹರಿವು 17.8 ಘನ ಮೀಟರಾಗುತ್ತದೆ. ಆಕಾಶದಲ್ಲಿ ಯಾವ ಬದಲಾವಣೆಯೂ ಆಗದೆಯೇ ಕಾಲುವೆಯ ಮೇಲಿನ ಭಾರ ಮೂರೂವರೆ ಪಾಲಾಯಿತು!

ಇತ್ತ ಭಾರ ಹೆಚ್ಚಿದಂತೆ ಅತ್ತ ಕಾಲುವೆಗಳೇ ಕ್ಷೀಣಿಸಿದರೆ ಆಗುವ ಅನರ್ಥವನ್ನು ಹೇಳಬೇಕಾಗಿಲ್ಲ. ಭಾರತದ ಮಹಾಲೇಖಪಾಲರು 2021ರಲ್ಲಿ ಸಲ್ಲಿಸಿದ ವರದಿಯ ಪ್ರಕಾರ, 20ನೆಯ ಶತಮಾನದ ಆರಂಭದಲ್ಲಿ ಕೋರಮಂಗಲ ಕಣಿವೆಯಲ್ಲಿ ಸುಮಾರು 113 ಕಿಲೋಮೀಟರುಗಳಷ್ಟಿದ್ದ ಕಾಲುವೆಗಳು 2016–17ರ ವೇಳೆಗೆ ಸುಮಾರು 63 ಕಿಲೋಮೀಟರಿಗೆ ಇಳಿದಿದ್ದುವು. ಕೆರೆಗಳ ಗತಿಯೂ ಅದೇ. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಇಂದು ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣವಿದೆ.

ಗಾಳಿಯ ಬದಲಾವಣೆ

ಇನ್ನು ವಾಯುಗುಣದ ಕಡೆಗೆ ತಿರುಗೋಣ. ಬೆಚ್ಚನೆಯ ಗಾಳಿ ಹೆಚ್ಚು ಆವಿಯನ್ನು ಹಿಡಿದಿಡಬಲ್ಲುದು. ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿಯು ಧರಿಸಬಲ್ಲ ಆವಿಯ ಪ್ರಮಾಣ ಶೇಕಡ 7ರಷ್ಟು ಹೆಚ್ಚುತ್ತದೆಂಬುದು ಭೌತಶಾಸ್ತ್ರದ ನಿಯಮ. ವರ್ಷದ ಒಟ್ಟು ಮಳೆ ಅಷ್ಟಾಗಿ ಹೆಚ್ಚದಿದ್ದರೂ ಬಿರುಮಳೆಗಳು ಇನ್ನಷ್ಟು ಬಿರುಸಾಗುವುದಕ್ಕೆ ಇದೇ ಮುಖ್ಯ ಕಾರಣ.

ನಮ್ಮ ಉದಾಹರಣೆಯಲ್ಲಿ ಉಷ್ಣತೆ 2 ಡಿಗ್ರಿ ಏರಿ, ಮಳೆಯ ತೀವ್ರತೆಯೂ ಅದೇ ಪ್ರಮಾಣದಲ್ಲಿ, ಎಂದರೆ ಶೇಕಡ 14ರಷ್ಟು, ಹೆಚ್ಚಿತೆನ್ನೋಣ. ಹಳೆಯ ಹೊಲಗಳೇ ಇದ್ದಿದ್ದರೆ ಹರಿವು 5ರಿಂದ 5.7ಕ್ಕೆ ಏರುತ್ತಿತ್ತು, ಹೆಚ್ಚಳ 0.7 ಮಾತ್ರ. ಬಡಾವಣೆಯಾದ ನೆಲದಲ್ಲಿಯಾದರೋ ಅದು 17.8ರಿಂದ 20.3ಕ್ಕೆ ಏರುತ್ತದೆ, ಹೆಚ್ಚಳ 2.5. ವಾತಾವರಣದಲ್ಲಿ ಆದ ಬದಲಾವಣೆ ಒಂದೇ. ಅದರ ಪೆಟ್ಟು ಮಾತ್ರ ಮೂರೂವರೆ ಪಟ್ಟು. ನೆಲದ ಬದಲಾವಣೆ ಮತ್ತು ವಾಯುಗುಣದ ಬದಲಾವಣೆ ಒಂದಕ್ಕೊಂದು ಕೂಡುವುದಿಲ್ಲ, ಒಂದನ್ನೊಂದು ಗುಣಿಸುತ್ತವೆ. ಈ ವಿಷಯದಲ್ಲಿ ನೆನಪಿಡಬೇಕಾದ ತತ್ತ್ವ ಇದೇ.

‘ನೂರು ವರ್ಷಕ್ಕೊಮ್ಮೆ’ ಎಂದರೇನು?

ಎಂಜಿನಿಯರುಗಳು ‘ನೂರು ವರ್ಷಕ್ಕೊಮ್ಮೆ ಬರುವ ಮಳೆ’ ಎಂಬ ಮಾತನ್ನು ಬಳಸುತ್ತಾರೆ. ಒಮ್ಮೆ ಬಂದ ಮೇಲೆ ಇನ್ನು ನೂರು ವರ್ಷ ನಿಶ್ಚಿಂತೆ ಎಂದು ಇದರ ಅರ್ಥವಲ್ಲ. ಯಾವುದೇ ಒಂದು ವರ್ಷದಲ್ಲಿ ಅಂಥ ಮಳೆ ಬರುವ ಸಂಭವನೀಯತೆ ನೂರರಲ್ಲಿ ಒಂದು ಎಂದಷ್ಟೇ ಅರ್ಥ. 0.99ನ್ನು ಮೂವತ್ತು ಸಲ ಗುಣಿಸಿ, ಬಂದುದನ್ನು 1ರಿಂದ ಕಳೆದು ನೋಡಿರಿ: 30 ವರ್ಷ ಬಾಳುವ ಮನೆಯೊಂದು ಅಂಥ ಮಳೆಯನ್ನು ಒಮ್ಮೆಯಾದರೂ ಕಾಣುವ ಸಂಭವ ಶೇಕಡ 26.

ಈ ಲೆಕ್ಕಕ್ಕೆ ಹಿಂದಿನ ಮಳೆಯ ದಾಖಲೆಗಳೇ ಆಧಾರ. ನಾಳಿನ ಮಳೆ ನಿನ್ನಿನ ಮಳೆಯಂತೆಯೇ ಇರುವುದೆಂಬ ನಂಬಿಕೆಯ ಮೇಲೆ ಅದು ನಿಂತಿದೆ. ಆ ನಂಬಿಕೆಯೇ ಸಡಿಲವಾಗಿರುವುದರಿಂದ ಇಂದಿನ ತಜ್ಞರು ಒಂದೇ ಅಂಕಿಗೆ ಜೋತುಬೀಳದೆ, ಉಷ್ಣತೆ ಇಷ್ಟಿಷ್ಟು ಏರಿದರೆ ಹೇಗೆ, ನಗರ ಇಷ್ಟಿಷ್ಟು ಹಬ್ಬಿದರೆ ಹೇಗೆ ಎಂದು ಹಲವು ಭವಿಷ್ಯಗಳನ್ನು ಕಲ್ಪಿಸಿ ಪ್ರತಿಯೊಂದಕ್ಕೂ ಲೆಕ್ಕ ಹಾಕುತ್ತಾರೆ. ಉಪಗ್ರಹಗಳು ತೆಗೆದ ಚಿತ್ರಗಳಿಂದ ನೆಲದ ಬಳಕೆಯನ್ನೂ, ಎತ್ತರದ ನಕ್ಷೆಗಳಿಂದ ಇಳಿಜಾರನ್ನೂ ತಿಳಿದು, ಯಾವ ಬೀದಿಯಲ್ಲಿ ಎಷ್ಟು ಆಳ ನೀರು ನಿಂತೀತೆಂಬುದನ್ನು ಗಣಕಯಂತ್ರದಿಂದ ಕಂಡುಕೊಳ್ಳುತ್ತಾರೆ.

ಇಷ್ಟಾದರೂ ದೊರೆಯುವುದು ನೀರಿನ ಆಳ ಮಾತ್ರ. ಅಪಾಯದ ಪೂರ್ಣ ಚಿತ್ರವಲ್ಲ. ಆ ನೀರಿನ ದಾರಿಯಲ್ಲಿ ಯಾರು ವಾಸಿಸುತ್ತಾರೆ, ಅದನ್ನು ತಡೆದುಕೊಳ್ಳುವ ಶಕ್ತಿ ಅವರಿಗೆಷ್ಟಿದೆ ಎಂಬುದನ್ನೂ ಸೇರಿಸಬೇಕು. ಮೊಣಕಾಲುದ್ದದ ನೀರು ಮಹಡಿ ಮನೆಯವನಿಗೆ ಒಂದು ದಿನದ ತೊಂದರೆ. ತಗ್ಗಿನ ಗುಡಿಸಲಿನ ಕೂಲಿಗಾರನಿಗೆ ಅದು ಅಕ್ಕಿ, ಹಾಸಿಗೆ, ಮಕ್ಕಳ ಪುಸ್ತಕ ಎಲ್ಲದರ ನಾಶ. ಒಂದೇ ಆಳದ ನೀರು ಇಬ್ಬರಿಗೆ ಒಂದೇ ಅಪಾಯವಲ್ಲ.

ಹಿರಿಯರ ಪರಿಹಾರ

ಹಾಗಾದರೆ ಕಾಲುವೆಯನ್ನು ನಾಲ್ಕು ಪಾಲು ದೊಡ್ಡದು ಮಾಡಿದರೆ ಸಾಲದೆ? ಆಗ ಮೇಲಿನ ಬಡಾವಣೆ ಉಳಿದು ಕೆಳಗಿನ ಬಡಾವಣೆ ಮುಳುಗಬಹುದು. ನೀರನ್ನು ಓಡಿಸುವುದಕ್ಕಿಂತ ಕೊಂಚ ಹೊತ್ತು ನಿಲ್ಲಿಸಿಕೊಳ್ಳುವುದೇ ಮೇಲು. ನಮ್ಮ ಬಡಾವಣೆಯಲ್ಲಿ ಒಂದು ಗಂಟೆಯಲ್ಲಿ 60 ಮಿಲಿಮೀಟರು ಮಳೆ ಬಿದ್ದರೆ ಹರಿದುಬರುವ ನೀರು 48,000 ಘನ ಮೀಟರು. ಐದು ಹೆಕ್ಟೇರಿನ ಕೆರೆಯೊಂದರಲ್ಲಿ ಒಂದು ಮೀಟರಿನಷ್ಟು ಸ್ಥಳ ಖಾಲಿಯಿದ್ದರೆ ಅದು 50,000 ಘನ ಮೀಟರನ್ನು ಹಿಡಿಯುತ್ತದೆ. ನೂರರಲ್ಲಿ ಐದು ಪಾಲು ನೆಲವನ್ನು ನೀರಿಗೆ ಬಿಟ್ಟರೆ ಆ ಒಂದು ಗಂಟೆಯ ಮಳೆಯೆಲ್ಲ ಅದರಲ್ಲಿ ಅಡಗುತ್ತದೆ!

ಒಂದು ಕೆರೆಯ ಕೋಡಿ ಮುಂದಿನ ಕೆರೆಗೆ ಹರಿಯುವಂತೆ ನಮ್ಮ ಹಿರಿಯರು ಕಟ್ಟಿದ ಸರಪಣಿಯ ಗುಟ್ಟು ಇದೇ. ನೀರಾವರಿಗಾಗಿ ಕಟ್ಟಿದ ಆ ಕೆರೆಗಳು ನೆರೆಯನ್ನೂ ತಡೆಯುತ್ತಿದ್ದುವು. ತೂಬಿನ ಮೂಲಕ ಗದ್ದೆಗಳಿಗೆ ನೀರು ಹರಿದು, ಮಳೆಗಾಲದ ಹೊತ್ತಿಗೆ ಕೆರೆ ಬರಿದಾಗಿರುತ್ತಿತ್ತು. ಇಂದು ವರ್ಷವಿಡೀ ಕೊಳಚೆ ನೀರು ತುಂಬಿರುವ ಕೆರೆ ಹೆಸರಿಗೆ ಕೆರೆಯಾದರೂ ನೆರೆಯ ಲೆಕ್ಕದಲ್ಲಿ ಶೂನ್ಯ. 2022ರಲ್ಲಿ ಆದುದೂ ಬಹುಮಟ್ಟಿಗೆ ಹೀಗೆಯೇ: ಆಗಸ್ಟ್ ಕೊನೆಯ ಮಳೆಗೇ ಕೆರೆಗಳು ತುಂಬಿ, ಸೆಪ್ಟೆಂಬರಿನ ಮಳೆಗೆ ಅವುಗಳಲ್ಲಿ ಸ್ಥಳವೇ ಇರಲಿಲ್ಲ.

ಮಳೆಯ ತೀವ್ರತೆಯನ್ನು ತಗ್ಗಿಸುವುದು ಯಾವುದೇ ಒಂದು ನಗರದ ಕೈಯಲ್ಲಿಲ್ಲ. ಆದರೆ ಸೂತ್ರದ ಇನ್ನೊಂದು ಅಂಶವಾದ ಹರಿವಿನ ಗುಣಾಂಕವು ಮಾತ್ರ ಆಯಾ ನಗರದ ಕೈಯಲ್ಲೇ ಇದೆ. ಇಂದು ಮಂಜೂರಾಗುವ ಪ್ರತಿಯೊಂದು ಬಡಾವಣೆಯ ನಕ್ಷೆಯಲ್ಲಿಯೂ ಆ ಅಂಕಿ ಅಡಗಿರುತ್ತದೆ. ನಕ್ಷೆಯನ್ನು ಓದುವಾಗ ಅದನ್ನು ಹುಡುಕುವ ಅಭ್ಯಾಸ ನಾಳಿನ ನಾಗರಿಕರಾದ ವಿದ್ಯಾರ್ಥಿಗಳಿಗೆ ಬಂದರೆ ಈ ಗಣಿತವನ್ನು ಕಲಿತುದು ಸಾರ್ಥಕ.